ಮಾವನವರ ಕೆಂಪು ಜೀಪಿಗೆ ಗಿರಾಕಿ ಹುಡುಕುತ್ತ...

ಓದುಗ ಸೋದರಿಯರೇ, ನೀವು ಪ್ರವಾಸಕ್ಕೆಂದು ಎಲ್ಲೆಲ್ಲಿಗೋ ಹೋಗಿ ಬಂದಿರುತ್ತೀರಿ. ಧರ್ಮಸ್ಥಳ, ತಿರುಪತಿ, ಪಂಢರಪುರ... ಆದರೆ ಜೀಪು ಮಾರಲು ಪ್ರವಾಸ ಹೋದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ನಾನು ಹೋಗಿದ್ದೇನೆ. ಅದೂ 68 ವರ್ಷದ ಅತ್ತೆಯವರನ್ನು ಜೊತೆಗೆ ಕಟ್ಟಿಕೊಂಡು, ಒಂದು ಕೈಯಲ್ಲಿ ಬುತ್ತಿಯ ಗಂಟು, ಇನ್ನೊಂದು ಕೈಯಲ್ಲಿ ಜೀಪಿನ ಆರ್.ಸಿ. ಬುಕ್ಕು ಹಿಡಿದುಕೊಂಡು! ನಗಬೇಡಿ. ಮಾರಬೇಕಾಗಿದ್ದ ಜೀಪು ಮನೆಯ ಮುಂದಿನ ಬೇವಿನ ಗಿಡದ ಕೆಳಗೇ ಇತ್ತು. ನಾವು ಹೋದದ್ದು ಸರಕಾರಿ ಬಸ್ಸಿನಲ್ಲಿ.

ನಮ್ಮದು ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹಳ್ಳಿ. ಮಾವನವರು ಆಲಮಟ್ಟಿ ಕಾಲುವೆ ಕೆಲಸಗಳಲ್ಲಿ ಒಬ್ಬ ಗುತ್ತಿಗೆದಾರರ ಕೈಕೆಳಗೆ ಮೇಲ್ವಿಚಾರಕರಾಗಿದ್ದರು. 1964ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಅಡಿಗಲ್ಲು ಇಟ್ಟ ಆಣೆಕಟ್ಟು ಅದು. 2006ರಲ್ಲಿ ಅಬ್ದುಲ್ ಕಲಾಂ ಅವರು ಬಂದು ಲೋಕಾರ್ಪಣೆ ಮಾಡಿದರು. ನಡುವಿನ ನಾಲ್ಕು ದಶಕಗಳಲ್ಲಿ ನಮ್ಮ ಕಡೆ ಎಷ್ಟು ಜನರ ಹೊಟ್ಟೆ ಆ ಕೆಲಸದಿಂದ ತುಂಬಿತೋ! ಮಾವನವರ ಸಾಹೇಬರ ಹತ್ತಿರ ಒಂದು ಪೆಟ್ರೋಲ್ ಜೀಪು ಇತ್ತು, 1972ರ ಮಾದರಿ, ಬೂದು ಬಣ್ಣದ್ದು. ಎರೆ ಹೊಲದ ಕೆಸರಿನಲ್ಲಿ ಎತ್ತು ಹೂತು ನಿಂತರೂ ಈ ಜೀಪು ನಾಲ್ಕು ಚಕ್ರ ಒಮ್ಮೆಲೇ ತಿರುಗಿಸಿಕೊಂಡು ಎದ್ದು ಬರುತ್ತಿತ್ತಂತೆ. 1996ರಲ್ಲಿ ಸಾಹೇಬರು ಕೆಲಸ ಮುಗಿಸಿ ಊರಿಗೆ ಹೊರಟಾಗ ಮಾವನವರು ಅದನ್ನು ಕೊಂಡುಕೊಂಡರು. ಕೊಂಡ ದಿನ ಅತ್ತೆಯವರು ಗಾಲಿಗೆ ನಿಂಬೆಹಣ್ಣು ಇಟ್ಟು, ಆರತಿ ಮಾಡಿ, ಮುಂದಿನ ಸೀಟಿನಲ್ಲಿ ಕೂತು ಬಾಗೇವಾಡಿಗೆ ಹೋಗಿ ಬಂದದ್ದನ್ನು ಈಗಲೂ ಹೇಳುತ್ತಾರೆ. ಸೆರಗು ತಲೆಯ ಮೇಲೆ ನಿಲ್ಲಲೇ ಇಲ್ಲವಂತೆ.

ಇಲ್ಲಿಯವರೆಗೆ ಎಲ್ಲ ಸರಿ. ಮಾವನವರಿಗೆ 2018ರಲ್ಲಿ ಒಂದು ಹುಚ್ಚು ಹತ್ತಿತು. ಪಂಜಾಬು, ಹರಿಯಾಣದ ಕಡೆ ಹಳೆಯ ಜೀಪುಗಳನ್ನು ಬಿಚ್ಚಿ, ಹುಡ್ ಕಿತ್ತು, ಅಗಲ ಟಾಯರು ಹಾಕಿ, ಬೇರೆ ಎಂಜಿನ್ ಕೂರಿಸಿ, ಮದುಮಗನಂತೆ ಸಿಂಗರಿಸುತ್ತಾರಲ್ಲ, ಅದರ ವಿಡಿಯೋ ಯಾರೋ ಮೊಬೈಲಿನಲ್ಲಿ ತೋರಿಸಿದರು. ಹರಿಯಾಣದ ಮಂಡಿ ಡಬವಾಲಿ ಎಂಬ ಊರು ಇಂಥ ಜೀಪುಗಳಿಗೇ ಹೆಸರುವಾಸಿ. ಮಾವನವರು ಜೀವಮಾನವಿಡೀ ಒಂದು ರೇಷ್ಮೆ ಅಂಗಿ ಹೊಲಿಸಿಕೊಂಡವರಲ್ಲ. ತೊಗರಿ ಮಾರಿದ ಹಣ, ಉಳಿತಾಯದ ಹಣ ಎಲ್ಲ ಸೇರಿಸಿ ಎರಡು ಲಕ್ಷಕ್ಕೂ ಮಿಕ್ಕಿ ಆ ಜೀಪಿಗೆ ಸುರಿದರು. ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಎಂಜಿನ್ ಹಾಕಿಸಿದರು. ಮುಂದಿನ ಗಾಜಿನ ಚೌಕಟ್ಟನ್ನು ನಾಲ್ಕು ಬೆರಳು ಕತ್ತರಿಸಿ ಗಿಡ್ಡ ಮಾಡಿಸಿದರು. ಹುಡ್ಡಿನ ಕಮಾನು ಬಿಚ್ಚಿಟ್ಟರು. ಗಾಡಿ ಪೂರ್ತಿ ಬಾಯಿ ತೆರೆದುಕೊಂಡು ನಿಂತಿತು. ಬಣ್ಣ ಯಾವುದು ಗೊತ್ತೇ? ಕುಂಕುಮದ ಕೆಂಪು! ಜೊತೆಗೆ ಮೂರು ಬಾಯಿಯ ಹಾರ್ನು. ಆ ಹಾರ್ನು ಬಾರಿಸಿದರೆ ಓಣಿಯ ಕೂಸುಗಳೆಲ್ಲ ಹೊರಗೆ ಓಡಿ ಬರುತ್ತಿದ್ದವು, ಎಮ್ಮೆಗಳು ಹಗ್ಗ ಹರಿಯುತ್ತಿದ್ದವು.

ಮೂರು ವರ್ಷ ಮೆರೆದರು. 2021ರ ಮೇ ತಿಂಗಳಲ್ಲಿ, ಆ ಕೆಟ್ಟ ಕಾಲದಲ್ಲಿ, ನಾಲ್ಕೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ಜೀಪಿನ ಮೇಲೆ ತಾಡಪತ್ರಿ ಬಿತ್ತು. ನೋಂದಣಿಯ ಅವಧಿ 2022ರ ಅಕ್ಟೋಬರಿನಲ್ಲಿ ಮುಗಿದದ್ದೂ ನಮಗೆ ತಿಳಿಯಲಿಲ್ಲ. ಯಾರು ನೋಡಬೇಕು? ನಮ್ಮ ಯಜಮಾನರಿಗೆ ಗಾಡಿ ಓಡಿಸುವುದೇ ಬಾರದು.

ಮಾರುವ ಮಾತು ಬಂದದ್ದು ಮಗಳ ಸಲುವಾಗಿ. ಅವಳು ವಿಜಯಪುರದಲ್ಲಿ ನರ್ಸಿಂಗ್ ಓದಬೇಕು ಎಂದಳು. ಫೀ, ಹಾಸ್ಟೆಲ್ಲು, ಪುಸ್ತಕ, ಬಿಳಿ ಬಟ್ಟೆ ಎಲ್ಲ ಲೆಕ್ಕ ಹಾಕಿದರೆ ಮೊದಲ ವರ್ಷಕ್ಕೇ ಒಂದು ಲಕ್ಷ ಕೈಯಲ್ಲಿರಬೇಕು. ಆ ವರ್ಷ ತೊಗರಿ ಕೈ ಕೊಟ್ಟಿತ್ತು. ಯಜಮಾನರು ತಲೆ ಕೆಳಗೆ ಹಾಕಿ ಕೂತರು. ಆಗ ಅತ್ತೆಯವರೇ ಅಂದರು: "ಗಿಡದ ಬುಡಕ ಒಂದು ಲಕ್ಷ ನಿಂತೈತಿ, ತಲಿ ಯಾಕ ಕೆಡಿಸ್ಕೊಂತಿ? ಅವರು ಇದ್ದಿದ್ರ ಮೊಮ್ಮಗಳ ಸಲುವಾಗಿ ತಾವ ಮಾರತಿದ್ರು."

ಎರಡು ಲಕ್ಷ ಹಾಕಿದ ಗಾಡಿ, ಒಂದಕ್ಕಾದರೂ ಹೋಗುವುದಿಲ್ಲವೇ? ನನಗೂ ಹಾಗೇ ಅನಿಸಿತ್ತು. ಬಾಗೇವಾಡಿಯಲ್ಲಿ ಪರಿಚಯದ ಗ್ಯಾರೇಜಿನವರನ್ನು ಕೇಳಿದೆವು. ಅವರು ಮನೆಗೇ ಬಂದು, ತಾಡಪತ್ರಿ ಎತ್ತಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಗಾಡಿ ಚಲೋ ಐತ್ರಿ ಅಕ್ಕಾರ. ಆದ್ರ ಇದು ಹೋಗೂದಿಲ್ರಿ" ಎಂದರು. ಚಹಾ ಕುಡಿದು ಹೋದರು. ಯಾಕೆ ಹೋಗುವುದಿಲ್ಲ ಎಂದು ಬಿಡಿಸಿ ಹೇಳಲಿಲ್ಲ. ಮರುದಿನ ಗುಜರಿಯವರು ಬಂದು 40 ಸಾವಿರ ಎಂದರು. ಕಬ್ಬಿಣದ ತೂಕದ ಲೆಕ್ಕ.

ಅತ್ತೆಯವರಿಗೆ ಸಿಟ್ಟು ಬಂತು. "ಬಾಗೇವಾಡಿ ಒಂದ ಊರೇನು? ನಾಕು ತಾಲೂಕ ಅದಾವ. ನಡಿ, ನಾವ ಹೋಗಿ ಕೇಳೂಣು. ಹೆಂಗೂ ಬಸ್ಸಿಗೆ ರೊಕ್ಕ ಇಲ್ಲ" ಎಂದರು. ಹೌದಲ್ಲ! 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಟಿಕೀಟಿಲ್ಲ. ಆಧಾರ ಕಾರ್ಡು ತೋರಿಸಿದರೆ ಮುಗಿಯಿತು. ಮಗಳು ಜೀಪಿನ ಫೋಟೋಗಳನ್ನು ನನ್ನ ಮೊಬೈಲಿಗೆ ಹಾಕಿ ಕೊಟ್ಟಳು. 2025ರ ಫೆಬ್ರುವರಿಯ ಒಂದು ಬೆಳಿಗ್ಗೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಕೆನೆ ಮೊಸರು ಕಟ್ಟಿಕೊಂಡು ನಾವಿಬ್ಬರೂ ಹೊರಟೆವು.

ಮೊದಲು ಮುದ್ದೇಬಿಹಾಳ. ಆ ದಾರಿಯನ್ನು ಫೆಬ್ರುವರಿಯಲ್ಲೇ ನೋಡಬೇಕು. ಎರಡೂ ಕಡೆ ಬಿಳಿಜೋಳದ ತೆನೆ ತೂಗುತ್ತಿರುತ್ತದೆ. ನಡುನಡುವೆ ಕಡಲೆ, ಕುಸುಬಿ. ಹೊಲದ ಬದುವಿನಲ್ಲಿ ಹೊಗೆ ಎದ್ದರೆ ಅಲ್ಲಿ ಸೀತನಿ ಸುಡುತ್ತಿದ್ದಾರೆ ಎಂದೇ ಅರ್ಥ. ಅತ್ತೆಯವರು ಕಿಟಕಿಯ ಹತ್ತಿರ ಕೂತು, "ಇಲ್ಲಿ ಹಿಂದಕ ರಸ್ತಾನ ಇರಲಿಲ್ಲ. ಮಳಿ ಆತಂದ್ರ ಜೀಪ್ ಬಿಟ್ಟು ಬ್ಯಾರೆ ಏನೂ ಬರತಿರಲಿಲ್ಲ" ಎಂದರು. ಈಗ ಬಸ್ಸು ನೀರು ಕುಡಿದಂತೆ ಓಡುತ್ತಿತ್ತು. ಜೀಪು ಹೋಗದಿರುವುದಕ್ಕೆ ಇದೇ ಮೊದಲ ಕಾರಣ ಎಂದು ನನಗೆ ಹೊಳೆದದ್ದು ಆಮೇಲೆ. ಕೆಸರು ಇದ್ದಾಗ ಜೀಪು ಬೇಕಿತ್ತು. ಹಳ್ಳಿಹಳ್ಳಿಗೂ ಡಾಂಬರು ಬಂತು, ಹಿಂದೆಯೇ ಟಂಟಂ ಬಂತು, ಕ್ರೂಸರ್ ಬಂತು. ಹತ್ತು ಜನರನ್ನು ತುಂಬಿಕೊಂಡು ಹೋಗುವ ಕ್ರೂಸರ್ ಬಿಟ್ಟು ಬಿಸಿಲಲ್ಲಿ ತಲೆ ಸುಡುವ ಜೀಪು ಯಾರಿಗೆ ಬೇಕು?

ಮುದ್ದೇಬಿಹಾಳದಲ್ಲಿ ನಮ್ಮ ತವರಿನ ಕಡೆಯ ಒಬ್ಬ ತಮ್ಮ ಬಸ್ ಸ್ಟ್ಯಾಂಡಿಗೇ ಬಂದಿದ್ದ. ಮದುವೆಗೆ ಗಾಡಿ ಬಾಡಿಗೆ ಕೊಡುವವರ ಹತ್ತಿರ ಕರೆದುಕೊಂಡು ಹೋದ. ಅಂಗಡಿಯ ಹುಡುಗ ಫೋಟೋ ನೋಡಿದವನೇ ಎದ್ದು ನಿಂತ. "ಏ ಮಸ್ತ್ ಐತ್ರಿ! ಮದಿಮಗನ ಮೆರವಣಿಗಿಗೆ ಇಂಥಾದ್ದ ಬೇಕಾಗಿತ್ತು!" ಅತ್ತೆಯವರ ಮುಖ ಅರಳಿತು. ಆಮೇಲೆ ಆ ಹುಡುಗ ಆರ್.ಸಿ. ಬುಕ್ಕು ಕೇಳಿದ. ಓದಿದ. ಮತ್ತೆ ಫೋಟೋ ನೋಡಿದ. ಬುಕ್ಕಿನಲ್ಲಿ ಪೆಟ್ರೋಲ್, ಗಾಡಿಯಲ್ಲಿ ಡೀಸೆಲ್. ಬುಕ್ಕಿನಲ್ಲಿ ಬೂದು ಬಣ್ಣ, ಕಣ್ಣ ಮುಂದೆ ಕೆಂಪು. ಬುಕ್ಕಿನ ಎಂಜಿನ್ ನಂಬರಿಗೂ ಗಾಡಿಯಲ್ಲಿ ಕೂತಿರುವ ಎಂಜಿನ್ನಿಗೂ ಸಂಬಂಧವೇ ಇಲ್ಲ!

"ಅಮ್ಮಾರ, ಇದನ್ನ ರೋಡಿಗೆ ತಂದ್ರ ನನ್ನ ಹಿಡಿತಾರ್ರಿ" ಎಂದ.

ನಮಗೆ ಗೊತ್ತಿರಲಿಲ್ಲ, ನಿಮಗೂ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇನೆ. ಕಂಪನಿ ಮಾಡಿಕೊಟ್ಟ ಗಾಡಿಯನ್ನು ನಮಗೆ ಬೇಕಾದಂತೆ ಬದಲಿಸಲು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಬಿಡುವುದಿಲ್ಲ. ಎಂಜಿನ್ ಕೆಟ್ಟು ಅದೇ ತರದ ಇನ್ನೊಂದು ಹಾಕಬೇಕೆಂದರೂ ಮೊದಲೇ ಅನುಮತಿ ಪಡೆದು ಬುಕ್ಕಿನಲ್ಲಿ ಬರೆಸಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ಕಾಯ್ದೆ ತಿದ್ದುಪಡಿಯಾಗಿ, ಹೀಗೆ ಬದಲಿಸಿದ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಎಂದಾಯಿತು. ನಾನು ಬೆರಳು ಮಡಿಚಿ ಎಣಿಸಿದೆ: ಎಂಜಿನ್ ಒಂದು, ಗಾಜಿನ ಚೌಕಟ್ಟು ಎರಡು, ಟಾಯರು ಮೂರು... ಅತ್ತೆಯವರು ನನ್ನ ಕೈ ಹಿಡಿದು ಕೆಳಗಿಳಿಸಿದರು. ಮಾವನವರು ಕೆಲಸ ಮಾಡಿಸಿದ್ದು 2018ರಲ್ಲಿ. ಅವರಿಗೆ ಯಾರೂ ಹೇಳಲಿಲ್ಲವೋ, ಹೇಳಿದರೂ ಕೇಳಲಿಲ್ಲವೋ.

ಅಲ್ಲಿಂದ ತಾಳಿಕೋಟೆ. ಮೊದಲು ಮುದ್ದೇಬಿಹಾಳ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. 1565ರ ಯುದ್ಧಕ್ಕೆ ಪುಸ್ತಕಗಳಲ್ಲಿ ಈ ಊರಿನದೇ ಹೆಸರು. ರಕ್ಕಸಗಿ-ತಂಗಡಗಿ ಕದನವೆಂದೂ ಕರೆಯುತ್ತಾರೆ. ಬಸ್ಸು ಬದಲಿಸುವ ನಡುವೆ ಬುತ್ತಿ ಬಿಚ್ಚಿದೆವು. ಡೋಣಿ ನದಿ ಇಲ್ಲಿ ಹತ್ತಿರ. ನೀರು ಉಪ್ಪು, ಆದರೆ ಮಣ್ಣು ಬಂಗಾರ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಮಾತು ನೀವೂ ಕೇಳಿರುತ್ತೀರಿ. ರೊಟ್ಟಿ ಮುರಿಯುತ್ತ ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಮಾತು ಹೇಳಿದರು.

"ಗುಳೇದಗುಡ್ಡದ ಖಣ ಮನ್ಯಾಗ ಇದ್ರ ಯಾರಿಗೆ ಬೇಕಾದ್ರೂ ಉಡಿ ತುಂಬಬಹುದು. ಅದನ್ನ ನಿನ್ನ ಅಳತಿಗೆ ಕುಬಸ ಹೊಲಿಸಿ ಇಟ್ರ? ಖಣದ ರೊಕ್ಕ ಹೋತು, ಹೊಲಿಗಿ ರೊಕ್ಕಾನೂ ಹೋತು. ಕುಬಸ ಎಷ್ಟ ಚಂದ ಇದ್ರೂ ಇನ್ನೊಬ್ಬಾಕಿ ಮೈಗೆ ಹತ್ತೂದಿಲ್ಲ. ನಿಮ್ಮ ಮಾವಾರು ಖಣ ತಂದು ಕುಬಸ ಹೊಲಿಸಿಬಿಟ್ರು."

ಗ್ಯಾರೇಜಿನವರು ಹೇಳದೆ ಬಿಟ್ಟದ್ದು ಇದೇ ಅಲ್ಲವೇ! ಬೆಂಗಳೂರಿನಲ್ಲಿರುವ ನಮ್ಮ ಅಣ್ಣನ ಮಗನಿಗೆ ಈ ಮಾತು ಫೋನಿನಲ್ಲಿ ಹೇಳಿದಾಗ ಅವನು ನಕ್ಕು, "ಅಮೇರಿಕದಲ್ಲೂ ಇದೇ ಕತೆ ಅತ್ತೆ" ಎಂದ. ಅಲ್ಲಿ ಎರಡನೇ ಮಹಾಯುದ್ಧ ಮುಗಿದ ಮೇಲೆ ಹುಡುಗರು 1932ರ ಫೋರ್ಡಿನಂಥ ಹಳೆಯ ಕಾರುಗಳನ್ನು ಅಗ್ಗಕ್ಕೆ ಕೊಂಡು, ಮಡ್‌ಗಾರ್ಡು ಕಿತ್ತು, ಮೇಲ್ಛಾವಣಿ ತೆಗೆದು, ದೊಡ್ಡ ಎಂಜಿನ್ ಕೂರಿಸಿ ಓಡಿಸುತ್ತಿದ್ದರಂತೆ. ಹಾಟ್ ರಾಡ್ ಎಂದು ಹೆಸರು. ಅದನ್ನೇ ಕಸುಬಾಗಿ ಮಾಡುವವರಿದ್ದಾರೆ, ಜಾತ್ರೆಯಂತೆ ಮೇಳ ಕೂಡಿಸುತ್ತಾರೆ. ಆದರೂ ಒಬ್ಬನ ರುಚಿಗೆ ಕಟ್ಟಿದ ಗಾಡಿಗೆ ಅಂಥದೇ ರುಚಿಯ ಇನ್ನೊಬ್ಬನು ಸಿಗುವವರೆಗೆ ಕಾಯಬೇಕು. ಛಾವಣಿ ಇಲ್ಲದಿದ್ದರೆ ಮಳೆ, ಬಿಸಿಲು, ಚಳಿ ಎಂದು ಗಿರಾಕಿಗಳು ಇನ್ನೂ ಕಡಿಮೆ. ಅವನು ಹೇಳಿದ್ದು ಕೇಳಿ ನನಗೆ ಒಂದು ರೀತಿಯ ಸಮಾಧಾನವಾಯಿತು. ಹುಚ್ಚು ನಮ್ಮ ಮಾವನವರೊಬ್ಬರಿಗೇ ಹಿಡಿದದ್ದಲ್ಲ!

ಅವನೇ ಇನ್ನೊಂದು ಆಸೆಯನ್ನೂ ಹುಟ್ಟಿಸಿದ. 50 ವರ್ಷ ದಾಟಿದ ಗಾಡಿಗೆ 'ವಿಂಟೇಜ್' ಎಂಬ ಬೇರೆ ನೋಂದಣಿ 2021ರಲ್ಲಿ ಬಂದಿದೆ, 1972ರ ಜೀಪು ಎಂದರೆ 50 ದಾಟಿತಲ್ಲ, ವಿಂಟೇಜ್ ಎಂದರೆ ಶ್ರೀಮಂತರು ಮುಗಿಬೀಳುತ್ತಾರೆ ಎಂದ. ಸಿಂದಗಿ ಬಸ್ಸಿನಲ್ಲಿ ನಾವಿಬ್ಬರೂ ಮನಸ್ಸಿನಲ್ಲೇ ಐದು ಲಕ್ಷದವರೆಗೆ ಹೋಗಿದ್ದೆವು. ಅರ್ಧ ಗಂಟೆ ಬಿಟ್ಟು ಅವನದೇ ಫೋನು: "ಅತ್ತೆ, ಅದು ಆಗೋದಿಲ್ಲ. ಗಾಡಿ ಮೂಲ ರೂಪದಲ್ಲೇ ಇರಬೇಕಂತೆ. ಚಾಸಿ, ಬಾಡಿ, ಎಂಜಿನ್ ಯಾವುದಕ್ಕೂ ಹೆಚ್ಚಿನ ಕೈ ಹಾಕಿರಬಾರದಂತೆ." ನೋಂದಣಿಗೆ 20,000 ರೂಪಾಯಿ ಫೀ ಬೇರೆ. ಅಷ್ಟಾಗಿಯೂ ಅದನ್ನು ದಿನಾ ಓಡಿಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೇ ಹೊರಗೆ ತರಬೇಕು. ಐದು ಲಕ್ಷ ದೇವರ ಹಿಪ್ಪರಗಿ ಬರುವುದರೊಳಗೆ ಕರಗಿಹೋಯಿತು.

ಸಿಂದಗಿಯ ಬಗ್ಗೆ ಬಹಳ ಬರೆಯಲಾರೆ, ಬಿಸಿಲೇ ನೆನಪು. ವಿಜಯಪುರದಿಂದ ಕಲಬುರ್ಗಿಗೆ ಹೋಗುವ ಹೆದ್ದಾರಿಯ ಊರು. ತೊಗರಿ, ಹತ್ತಿ, ಲಾರಿ, ಧೂಳು. ಹಳೆಯ ಟ್ರ್ಯಾಕ್ಟರು, ಹಳೆಯ ಪಿಕಪ್ಪು ಕೊಟ್ಟು ತೆಗೆದುಕೊಳ್ಳುವ ಒಬ್ಬರು ಖುರ್ಚಿ ಹಾಕಿ ಕೂರಿಸಿ, ತಂಪು ನೀರು ತರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರ ಉಪಕಾರ ಮರೆಯಲಾರೆ. "ಅವ್ವಾರ, ರೈತರಿಗೆ ಟ್ರ್ಯಾಕ್ಟರ್ ಬೇಕು, ಇಲ್ಲಾಂದ್ರ ಮಾಲು ಹಾಕಾಕ ಪಿಕಪ್ ಬೇಕು. ಜೀಪಿನ ಹುಚ್ಚಿನ ಹುಡುಗ್ರು ಥಾರ್ ತಗೋತಾರು. ಅದಕ್ಕ ಬ್ಯಾಂಕಿನವರು ಸಾಲ ಕೊಡ್ತಾರು. ನಿಮ್ಮ ಜೀಪಿಗೆ ಸಾಲ ಯಾರು ಕೊಡ್ತಾರ್ರಿ? ಪೂರಾ ರೊಕ್ಕ ಕೈಯಾಗ ಹಿಡ್ಕೊಂಡು ಬರಬೇಕು. ಬಂದಾವ ಬುಕ್ ನೋಡ್ತಾನು, ವಾಪಸ್ ಹೋಗ್ತಾನು." ಥಾರ್ ಎಂಬ ಜೀಪಿನ ಹೊಸ ರೂಪ 2020ರಲ್ಲಿ ಬಂದ ಮೇಲೆ ಹಳೆಯದನ್ನು ಕೇಳುವವರೇ ಕಡಿಮೆಯಾದರು ಎಂದರು.

ಇನ್ನೊಂದು ತೊಡಕನ್ನೂ ಅವರೇ ತೋರಿಸಿದರು. ಬುಕ್ಕು ಇನ್ನೂ ಮಾವನವರ ಹೆಸರಿನಲ್ಲೇ ಇತ್ತು! ನೋಡಿ, ನಾವು ಹೆಣ್ಣುಮಕ್ಕಳು ಹೊಲದ ಉತಾರ, ಬ್ಯಾಂಕಿನ ಪಾಸ್‌ಬುಕ್ಕು ಹೆಸರು ಬದಲಾಯಿತೇ ಎಂದು ಕೇಳುತ್ತೇವೆ, ಗಾಡಿಯದು ಯಾರೂ ಕೇಳುವುದಿಲ್ಲ. ಮಾಲೀಕರು ತೀರಿಕೊಂಡರೆ 30 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಮೂರು ತಿಂಗಳೊಳಗೆ ಫಾರ್ಮ್ 31 ತುಂಬಿ, ಮರಣ ಪ್ರಮಾಣಪತ್ರ ಹಚ್ಚಿ, ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ನಾವು ನಾಲ್ಕು ವರ್ಷ ಸುಮ್ಮನಿದ್ದೆವು. ನಾದಿನಿ ಇರುವುದು ಸೊಲ್ಲಾಪುರದಲ್ಲಿ, ಅವಳ ಒಪ್ಪಿಗೆಯ ಸಹಿಯೂ ಬೇಕು. ನಿಮ್ಮ ಮನೆಯಲ್ಲಿ ಇಂಥ ಬುಕ್ಕು ಟ್ರಂಕಿನ ತಳದಲ್ಲಿ ಬಿದ್ದಿದ್ದರೆ ಈ ಪುಟ ಮಡಿಚಿಟ್ಟು ಮೊದಲು ಅದನ್ನು ತೆಗೆದು ನೋಡಿ.

ರಾತ್ರಿ ಸಿಂದಗಿಯಲ್ಲೇ ಅತ್ತೆಯವರ ಅಕ್ಕನ ಮನೆಯಲ್ಲಿ ಉಳಿದೆವು. ಪುಂಡಿಪಲ್ಯ, ಬಿಸಿರೊಟ್ಟಿ, ಮಾತು. ಅಕ್ಕತಂಗಿಯರು ನಡುರಾತ್ರಿಯವರೆಗೆ ಮಾತಾಡಿದರು. ನನಗೆ ಅರೆ ನಿದ್ದೆಯಲ್ಲಿ ಕೇಳಿಸಿದ್ದು ಇಷ್ಟು: "ಗುಜರಿಗೆ ಹಾಕಾಕ ಮನಸ ಒಪ್ಪವಲ್ದು. ಅವರ ಕೈ ಆಡಿದ್ದು ಅದರ ಮ್ಯಾಲ."

ಮರುದಿನ ಇಂಡಿ. ಅಲ್ಲಿ ಯಾರ ಪರಿಚಯವೂ ಇರಲಿಲ್ಲ, ಸಿಂದಗಿಯವರು ಒಬ್ಬ ಹಳೆಯ ಮಿಸ್ತ್ರಿಯ ಅಂಗಡಿಯ ಗುರುತು ಹೇಳಿದ್ದರು. ಇಂಡಿ ಎಂದರೆ ನಿಂಬೆ. ಊರು ಹತ್ತಿರವಾದಂತೆ ತೋಟಗಳು ಶುರುವಾಗುತ್ತವೆ. ಸಣ್ಣ ಎಲೆ, ಮುಳ್ಳು, ನಡುವೆ ಹಳದಿ ಹಣ್ಣು. ತೆಳು ಸಿಪ್ಪೆಯ, ಕೈಯಲ್ಲಿ ಹಿಂಡಿದರೆ ರಸ ಧಾರಾಳವಾಗಿ ಬರುವ ಕಾಗ್ಜಿ ನಿಂಬೆ. 2023ರಲ್ಲಿ ಇಂಡಿ ನಿಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ರಾಜ್ಯದ ನಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಉಪ್ಪಿನಕಾಯಿಗೆ ಈ ನಿಂಬೆಯ ಹದವೇ ಬೇರೆ. ನಾನು ಎರಡು ಕಿಲೋ ಕೊಂಡುಕೊಂಡೆ. ಜೀಪು ಹೋಗದಿದ್ದರೂ ಉಪ್ಪಿನಕಾಯಿಯಾದರೂ ಆಗಲಿ! (ಚಡಚಣದ ಬಟ್ಟೆ ಅಂಗಡಿಗಳೂ ಇದೇ ಕಡೆ. ಸೀರೆ ನೋಡುವ ಆಸೆಯನ್ನು ನುಂಗಿಕೊಂಡೆ.)

ಮಿಸ್ತ್ರಿ ಕಾಕಾಗೆ ಎಪ್ಪತ್ತರ ಹತ್ತಿರ ವಯಸ್ಸು. ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿದ್ದರು. ಫೋಟೋಗಳನ್ನು ಒಂದೊಂದಾಗಿ ನೋಡಿದರು. ಎತ್ತರದ ಬಾನೆಟ್ಟನ್ನು ಬೆರಳಿನಿಂದ ದೊಡ್ಡದು ಮಾಡಿ, "ಇದು ಸಿ.ಜೆ. ತ್ರೀ ಬಿ. ಇದರ ಪೆಟ್ರೋಲ್ ಎಂಜಿನ್ ಎತ್ತರ, ಅದಕ್ಕ ಬಾನೆಟ್ ಏರಿಸಿ ಮಾಡ್ಯಾರ. ಅಮೇರಿಕದವರು ಬಿಟ್ಟ ಮ್ಯಾಲೂ ಮಹೀಂದ್ರಾದವರು ವರ್ಷಾನುಗಟ್ಟಲೆ ಮಾಡಿದ ಗಾಡಿ ಇದು" ಎಂದರು. ಬುಕ್ಕು ನೋಡಿದರು. ಆಮೇಲೆ ಯಾರೂ ಕೇಳದ ಒಂದು ಪ್ರಶ್ನೆ ಕೇಳಿದರು.

"ಅವ್ವಾ, ಇಳಿಸಿದ ಎಂಜಿನ್ ಏನ್ ಮಾಡಿದ್ರಿ?"

ನಾನು ಅತ್ತೆಯವರ ಮುಖ ನೋಡಿದೆ. ಮಾರಿರಬೇಕು ಎಂದೇ ನನ್ನ ಎಣಿಕೆ.

"ಗ್ವಾದಲ್ಯಾಗ ಐತಿ," ಎಂದರು ಅತ್ತೆಯವರು. "ಮಾರಬ್ಯಾಡ್ರಿ ಅಂದ್ರು, ಗೋಣಿಚೀಲ ಸುತ್ತಿ, ಗ್ರೀಸು ಬಡದು ಇಟ್ಟಾರ. ಹುಡ್ಡಿನ ಕಮಾನೂ ಅದರ ಹಿಂದ ಐತಿ. ನಾನು ಅದರ ಮ್ಯಾಲ ಹಿಂಡಿ ಚೀಲ ಇಡತಿದ್ದೆ."

ಮಿಸ್ತ್ರಿ ಕಾಕಾ ಕನ್ನಡಕ ತೆಗೆದರು. "ಹಂಗಾದ್ರ ನಿಮ್ಮ ಗಾಡಿ ಹೋಗತೈತಿ. ಕುಬಸದ ಹೊಲಿಗಿ ಬಿಚ್ಚರಿ" ಎಂದರು. (ಖಣದ ಕತೆಯನ್ನು ಅತ್ತೆಯವರು ಆಗಲೇ ಅವರಿಗೂ ಹೇಳಿ ಮುಗಿಸಿದ್ದರು!) ಬುಕ್ಕಿನಲ್ಲಿರುವ ನಂಬರಿನ ಎಂಜಿನ್ನನ್ನು ಅದರ ಜಾಗಕ್ಕೆ ಕೂರಿಸಿ, ಚೌಕಟ್ಟು ಸರಿ ಮಾಡಿ, ಹುಡ್ ಏರಿಸಿ, ಬೂದು ಬಣ್ಣ ಹೊಡೆದರೆ ಕಾಗದವೂ ಗಾಡಿಯೂ ಒಂದೇ ಮಾತು ಆಡುತ್ತವೆ, ಚಾಸಿ ನಂಬರು ಅಳಿಸಿಲ್ಲ, ಅದೇ ದೊಡ್ಡದು ಎಂದರು. ಮಾವನವರು ಅಷ್ಟು ಹಣ ಹಾಕಿ ಏರಿಸಿದ ಸಿಂಗಾರವನ್ನು ಮತ್ತೆ ಹಣ ಹಾಕಿ ಇಳಿಸಬೇಕು. ನಾನು ಅತ್ತೆಯವರನ್ನು ಕೇಳಲು ಹೆದರಿದೆ. ಅವರು ನಿಂಬೆಹಣ್ಣಿನ ಚೀಲವನ್ನು ಮಡಿಲಿಗೆ ಎಳೆದುಕೊಂಡು, "ಎಷ್ಟು ಆಗತೈತಿ?" ಎಂದರು.

ಮನೆಗೆ ಬಂದ ಮೇಲೆ ಯಜಮಾನರಿಗೂ ನಮಗೂ ಎರಡು ದಿನ ವಾದವಾಯಿತು. ಇದ್ದ ಹಣವನ್ನೂ ಹಾಕಿ, ಆಮೇಲೂ ಹೋಗದಿದ್ದರೆ? ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಮೂರನೆಯ ದಿನ ಅತ್ತೆಯವರು ಕೊರಳಿನ ಬೋರಮಾಳ ತೆಗೆದು ನನ್ನ ಕೈಗೆ ಕೊಟ್ಟರು. ಅದನ್ನು ಅಡವಿಟ್ಟು 50 ಸಾವಿರ ತಂದೆವು. ನನಗೆ ಆ ತಿಂಗಳುಗಳಲ್ಲಿ ಅವರ ಬರಿಯ ಕೊರಳು ನೋಡಲು ಆಗುತ್ತಿರಲಿಲ್ಲ. ಜನ ಬೇರೆ ಕೇಳುತ್ತಿದ್ದರು. "ಗುಂಡು ಸಡಲ ಆಗಿದ್ದು, ಪೋಣಿಸಾಕ ಕೊಟ್ಟೇನಿ" ಎನ್ನುತ್ತಿದ್ದರು.

ಲೆಕ್ಕ ಹೇಳುತ್ತೇನೆ, ಇಂಥ ಲೆಕ್ಕ ಯಾರೂ ಬಿಚ್ಚಿ ಹೇಳುವುದಿಲ್ಲ. ಎಂಜಿನ್ ರಿಪೇರಿ, ಕೂರಿಸುವ ಕೂಲಿ ಸೇರಿ 42 ಸಾವಿರ. ಗುಜರಿಯಲ್ಲಿ ಹುಡುಕಿದ ಬೇರೆ ಚೌಕಟ್ಟು, ಬೆಸುಗೆ, ಬಣ್ಣ 15 ಸಾವಿರ. ಹೊಸ ಹುಡ್ ಹೊಲಿಸಲು 6 ಸಾವಿರ. ನೋಂದಣಿ ನವೀಕರಣಕ್ಕೆ ಆಗ 5,000 ಇತ್ತು (2025ರ ಆಗಸ್ಟಿನಲ್ಲಿ 20 ವರ್ಷ ದಾಟಿದ ಇಂಥ ಗಾಡಿಗಳಿಗೆ ಅದನ್ನು 10,000 ಮಾಡಿದ್ದಾರೆ). ತಡವಾದ ಪ್ರತಿ ತಿಂಗಳಿಗೂ 500ರಂತೆ 32 ತಿಂಗಳಿಗೆ 16 ಸಾವಿರ. ನಮ್ಮ ಅಜ್ಞಾನದ ದಂಡ ಅದು. ಒಟ್ಟು 84 ಸಾವಿರ. ಡೀಸೆಲ್ ಎಂಜಿನ್ 30 ಸಾವಿರಕ್ಕೂ, ಅಗಲ ಟಾಯರು 12 ಸಾವಿರಕ್ಕೂ ಹೋದವು. ಆ ಟಾಯರಿನ ಬದಲು ಮೂಲದ ಹಳೆಯ ರಿಮ್ಮುಗಳನ್ನೇ ಏರಿಸಿದೆವು. ಅವೂ ಗ್ವಾದಲಿಯ ಅಟ್ಟದ ಮೇಲಿದ್ದವು. ಮಾವನವರು ಏನನ್ನೂ ಬಿಸಾಡಿದವರಲ್ಲ. ಕೈಯಿಂದ ಹೋದದ್ದು 42 ಸಾವಿರ.

ಕೆಂಪು ಬಣ್ಣ ಕೆರೆಯುವ ದಿನ ಅತ್ತೆಯವರು ಹೊಲಕ್ಕೆ ಹೋಗಿಬಿಟ್ಟರು. ಸಂಜೆ ಬಂದು ಬೂದು ಜೀಪನ್ನು ನೋಡಿ, "ಇದು ನಾ ಮೊದಲ ಕುಂತ ಜೀಪು" ಎಂದರು. ಅಷ್ಟೇ.

ಗಿರಾಕಿಯನ್ನು ಕಳಿಸಿದವರೂ ಮಿಸ್ತ್ರಿ ಕಾಕಾನೇ. ಇಂಡಿ ಕಡೆಯ ಒಬ್ಬ ನಿಂಬೆ ಬೆಳೆಗಾರರು. ಅವರು ಗಾಡಿ ಕಲಿತದ್ದು ಇಂಥದೇ ಜೀಪಿನ ಮೇಲಂತೆ. ಬಾನೆಟ್ ಎತ್ತಿ ನಂಬರು ನೋಡಿದರು, ಬುಕ್ಕು ನೋಡಿದರು, ಎರಡನ್ನೂ ಬೆರಳಿಟ್ಟು ಓದಿದರು. ಸ್ಟಾರ್ಟು ಮಾಡಿ ಕಣ್ಣು ಮುಚ್ಚಿ ಸದ್ದು ಕೇಳಿದರು. 1 ಲಕ್ಷ 45 ಸಾವಿರಕ್ಕೆ ಮಾತಾಯಿತು. ಹೆಸರು ಬದಲಾವಣೆ, ನಾದಿನಿಯ ಸಹಿ ಎಲ್ಲ ಮುಗಿಯುವುದರಲ್ಲಿ ಆಗಸ್ಟು ಬಂತು. ಖರ್ಚು ಕಳೆದು 1 ಲಕ್ಷ 3 ಸಾವಿರ ಉಳಿಯಿತು. ಗುಜರಿಯವರ 40 ಸಾವಿರಕ್ಕೆ ಇದನ್ನು ಹೋಲಿಸಿ ನೋಡಿ. ಮಗಳು ಈಗ ವಿಜಯಪುರದ ಹಾಸ್ಟೆಲ್ಲಿನಲ್ಲಿದ್ದಾಳೆ. ಬೋರಮಾಳ ಮರಳಿ ಅತ್ತೆಯವರ ಕೊರಳಿಗೆ ಬಂದಿದೆ, ಬಡ್ಡಿಗೆ ಮಾತ್ರ ನನ್ನ ಹೊಲಿಗೆಯ ಹಣ ಹೋಯಿತು.

ಜೀಪು ಒಯ್ಯಲು ಬಂದವರು ನಮಗೆ ಕೊಲ್ಹಾರದ ಗಡಿಗೆ ಮೊಸರು ತಂದಿದ್ದರು. ಗಡಿಗೆ ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರು. ಊಟ ಮಾಡಿ ಎದ್ದಾಗ ಅತ್ತೆಯವರು ಸೀರೆ ಬದಲಿಸಿ ಬಂದು, ಯಾರನ್ನೂ ಕೇಳದೆ ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. "ಕ್ರಾಸಿನ ತನಕ ಬಿಡ್ರೆಪಾ" ಎಂದರು. ನಾನು ಹಿಂದಿನ ಬೆಂಚಿಗೆ ಹತ್ತಿದೆ. ಶ್ರಾವಣದ ಗಾಳಿ. ಹುಡ್ ಇದ್ದರೂ ಅವರ ಸೆರಗು ತಲೆಯ ಮೇಲೆ ನಿಲ್ಲಲಿಲ್ಲ.

ಮೂರು ಬಾಯಿಯ ಹಾರ್ನು ಮಾತ್ರ ಅವರು ಕೊಡಲಿಲ್ಲ, ಬಿಚ್ಚಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾರೆ. ಕ್ರಾಸಿನಲ್ಲಿ ಇಳಿದು, ಜೀಪು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದು, ಇಬ್ಬರೂ ಟಂಟಂ ಹತ್ತಿ ಮನೆಗೆ ಬಂದೆವು. ತಲೆಗೆ ಇಪ್ಪತ್ತು ರೂಪಾಯಿ. ಟಂಟಂಗೆ ಶಕ್ತಿ ಯೋಜನೆ ಇಲ್ಲವಲ್ಲ!